ಅಂತರಜಾಲದಲ್ಲಿ ಅನಾಮಧೇಯತೆ ಮತ್ತು ಗುರುತಿನ ಕಡ್ಡಾಯ

ಅಂತರಜಾಲದಲ್ಲಿ ಬರೆಯುವ, ಕೊಳ್ಳುವ, ಜಗಳವಾಡುವ ವ್ಯಕ್ತಿ ತನ್ನ ನಿಜವಾದ ಹೆಸರು ಹೇಳದೆ ಇರಬಹುದೇ, ಹೇಳಲೇಬೇಕೇ, ಹೇಳುವುದಾದರೆ ಯಾರಿಗೆ ಹೇಳಬೇಕು ಎಂಬ ಪ್ರಶ್ನೆಗಳು ಈ ವಿಷಯದ ವ್ಯಾಪ್ತಿಗೆ ಬರುತ್ತವೆ. ಚರ್ಚೆಯಲ್ಲಿ ಇದನ್ನು ‘ಹೆಸರು ಬೇಕು’, ‘ಹೆಸರು ಬೇಡ’ ಎಂಬ ಎರಡು ಪಕ್ಷಗಳಾಗಿ ಒಡೆಯುವುದು ರೂಢಿ. ಸ್ಥಿತಿಗಳು ಮಾತ್ರ ಮೂರು. ಯಾವ ಗುರುತೂ ಇಲ್ಲದಿರುವುದು ಒಂದು. ಬೇರೊಂದು ಹೆಸರನ್ನು ಇಟ್ಟುಕೊಂಡು ವರ್ಷಗಟ್ಟಲೆ ಅದರಲ್ಲೇ ಕಾಣಿಸಿಕೊಳ್ಳುವುದು ಇನ್ನೊಂದು. ಪಡಿತರ ಚೀಟಿಯಲ್ಲಿರುವ ಹೆಸರೇ ಪರದೆಯ ಮೇಲೂ ಇರುವುದು ಮೂರನೆಯದು. ನಡುವಿನದೇ ಎಲ್ಲಕ್ಕಿಂತ ದೊಡ್ಡದು, ಕಾನೂನು ಎಡವುವುದೂ ಅಲ್ಲೇ. ಬರೆದವನ ಹೆಸರು ಓದುಗರಿಗೆ ಗೊತ್ತಿಲ್ಲದಿದ್ದರೂ ಜಾಲತಾಣಕ್ಕೆ ಗೊತ್ತಿರಬಹುದು. ಜಾಲತಾಣಕ್ಕೆ ಗೊತ್ತಿಲ್ಲದಿದ್ದರೂ ಮೊಬೈಲ್ ಕಂಪನಿಗೆ ಗೊತ್ತಿರಬಹುದು. ಯಾರಿಗೂ ಗೊತ್ತಿಲ್ಲ ಎಂದು ಅವನೊಬ್ಬನೇ ನಂಬಿಕೊಂಡಿರಬಹುದು.

ಈ ವಿಷಯವನ್ನು ಮೈಸೂರಿನಲ್ಲಿ ನಿಂತು ನೋಡುವುದಕ್ಕೆ ಕಾರಣವಿದೆ. ಕರ್ನಾಟಕದಲ್ಲಿ ಆಧಾರ್ ನೋಂದಣಿಯ ಪ್ರಯೋಗ ನಡೆದ ಮೊದಲ ಜಿಲ್ಲೆಗಳಲ್ಲಿ ಮೈಸೂರು ಒಂದು. ಆ ಆಧಾರ್ ವಿರುದ್ಧವೇ ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿ, ಖಾಸಗಿತನ ಮೂಲಭೂತ ಹಕ್ಕು ಎಂಬ ತೀರ್ಪಿಗೆ ಕಾರಣರಾದ ನ್ಯಾಯಮೂರ್ತಿ ಓದಿದ್ದು ಇಲ್ಲಿನ ಮಹಾರಾಜ ಕಾಲೇಜಿನಲ್ಲಿ. ಬರೆದವರ ಹೆಸರಿನ ಮೊದಲಕ್ಷರಗಳನ್ನಷ್ಟೇ ಲೇಖನದ ಕೊನೆಗೆ ಅಚ್ಚು ಹಾಕುತ್ತಿದ್ದ ಕನ್ನಡ ವಿಶ್ವಕೋಶ ಸಿದ್ಧವಾದದ್ದೂ ಇದೇ ಊರಿನ ಮಾನಸಗಂಗೋತ್ರಿಯಲ್ಲಿ.

ಅಂಕಿತ, ಕಾವ್ಯನಾಮ, ಮೂಗರ್ಜಿ

ಸ್ವಂತ ಹೆಸರನ್ನು ಬದಿಗಿಟ್ಟು ಬರೆಯುವುದು ಕನ್ನಡಕ್ಕೆ ಹೊಸದಲ್ಲ. ಹನ್ನೆರಡನೆಯ ಶತಮಾನದ ಶರಣರು ವಚನದ ಕೊನೆಯಲ್ಲಿ ಇಟ್ಟದ್ದು ತಮ್ಮ ಹೆಸರನ್ನಲ್ಲ, ಇಷ್ಟದೈವದ ಅಂಕಿತವನ್ನು. ‘ಕೂಡಲಸಂಗಮದೇವ’ ಎಂದರೆ ಬಸವಣ್ಣ, ‘ಚೆನ್ನಮಲ್ಲಿಕಾರ್ಜುನ’ ಎಂದರೆ ಅಕ್ಕಮಹಾದೇವಿ ಎಂದು ಇಂದಿಗೂ ಗುರುತು ಹಿಡಿಯುತ್ತೇವೆ. ಅಂಕಿತ ಉಳಿದು, ಅದು ಯಾರದೆಂದು ತಿಳಿಯದೇ ಹೋದ ವಚನಗಳೂ ಇವೆ. ಹೆಸರು ಕಳೆದುಹೋಗಿದೆ ಎಂದು ಅವುಗಳನ್ನು ಯಾರೂ ಸಂಪುಟದಿಂದ ಹೊರಗಿಡಲಿಲ್ಲ. ಇಂದಿನ ಬಳಕೆದಾರ ಹೆಸರಿಗೆ ಕನ್ನಡದಲ್ಲಿ ಹತ್ತಿರದ ಮಾತು ಬೇಕಿದ್ದರೆ ಅಂಕಿತ ಎಂಬುದೇ ಸರಿಹೊಂದೀತು: ವ್ಯಕ್ತಿಯನ್ನು ಅದು ಮರೆಸಬಹುದು, ಮಾತಿನ ಹೊಣೆಯನ್ನು ಮರೆಸುವುದಿಲ್ಲ.

ಮೈಸೂರಿನ ಬರಹಗಾರರಲ್ಲಿ ಕಾವ್ಯನಾಮಗಳಿಗೆ ಲೆಕ್ಕವಿಲ್ಲ. ಕೆ.ವಿ. ಪುಟ್ಟಪ್ಪನವರು ಮೊದಲು ‘ಕಿಶೋರಚಂದ್ರವಾಣಿ’ಯಾಗಿ, ಆಮೇಲೆ ‘ಕುವೆಂಪು’ ಆಗಿ ಬರೆದರು. ಅನಸೂಯಾ ಶಂಕರ್ ‘ತ್ರಿವೇಣಿ’ಯಾದರು, ಸುಬ್ರಹ್ಮಣ್ಯರಾಜೇ ಅರಸ್ ‘ಚದುರಂಗ’ರಾದರು. ಯಾದವಗಿರಿಯಲ್ಲಿ ಮನೆ ಕಟ್ಟಿಸಿಕೊಂಡ ಆರ್.ಕೆ. ನಾರಾಯಣ್ ತಮ್ಮ ಉದ್ದನೆಯ ಹೆಸರನ್ನು ಗ್ರಹಾಂ ಗ್ರೀನ್ ಸಲಹೆಯಂತೆ ಮೊಟಕು ಮಾಡಿಕೊಂಡರು. ಇವು ಯಾವುವೂ ಮರೆಮಾಚುವುದಕ್ಕಾಗಿ ತೊಟ್ಟ ಹೆಸರುಗಳಲ್ಲ. ಒಂಟಿಕೊಪ್ಪಲಿನ ‘ಉದಯರವಿ’ ಎಂಬ ಮನೆಯಲ್ಲಿರುವ ಕುವೆಂಪು ಯಾರೆಂದು ಊರಿಗೆಲ್ಲ ಗೊತ್ತಿತ್ತು. ಆದರೂ ದಾಖಲೆಯಲ್ಲಿರುವ ಹೆಸರು ಒಂದು, ಓದುಗರು ನಂಬುವ ಹೆಸರು ಇನ್ನೊಂದು ಇರಬಹುದೆಂಬುದನ್ನು ಕನ್ನಡ ಓದುಗರು ಬಹಳ ಹಿಂದೆಯೇ ಒಪ್ಪಿಕೊಂಡಿದ್ದಾರೆ.

ನಿಜಕ್ಕೂ ಮುಖ ಮರೆಸುವ ಬರಹಕ್ಕೆ ನಮ್ಮ ಕಚೇರಿಗಳಲ್ಲಿ ಬೇರೆಯದೇ ಹೆಸರಿದೆ: ಮೂಗರ್ಜಿ. ಸಹಿಯಿಲ್ಲದ, ಇಲ್ಲವೇ ‘ನೊಂದ ನಾಗರಿಕ’ ಎಂದಷ್ಟೇ ಸಹಿ ಮಾಡಿದ ದೂರು. ಮೇಲಧಿಕಾರಿಯ ಲಂಚಗುಳಿತನವನ್ನು ಹೊರಗೆಡವಲು ಗುಮಾಸ್ತನಿಗಿದ್ದ ದಾರಿ ಅದೊಂದೇ. ಆಗದವನ ಬಡ್ತಿ ತಪ್ಪಿಸಲು ಸಹೋದ್ಯೋಗಿ ಹಿಡಿಯುತ್ತಿದ್ದದ್ದೂ ಅದೇ ದಾರಿ. ಎರಡನೆಯ ಬಗೆ ಹೆಚ್ಚಿತೆಂದು ಕೇಂದ್ರ ಜಾಗೃತ ಆಯೋಗ 1999ರ ಜೂನ್ 29ರ ಸುತ್ತೋಲೆಯಲ್ಲಿ ಹೆಸರಿಲ್ಲದ ದೂರುಗಳ ಮೇಲೆ ಕ್ರಮ ಬೇಡ ಎಂದಿತು. 1984ರ ಕರ್ನಾಟಕ ಲೋಕಾಯುಕ್ತ ಕಾಯ್ದೆಯಡಿ ದೂರಿನೊಂದಿಗೆ ಪ್ರಮಾಣಪತ್ರವನ್ನೂ ಕೊಡಬೇಕು. 2024ರಲ್ಲಿ ಮೈಸೂರು ನಗರಾಭಿವೃದ್ಧಿ ಪ್ರಾಧಿಕಾರದ, ಅಂದರೆ ‘ಮುಡಾ’ದ ನಿವೇಶನ ಹಂಚಿಕೆ ವಿವಾದ ರಾಜ್ಯಪಾಲರವರೆಗೆ, ಅಲ್ಲಿಂದ ಹೈಕೋರ್ಟಿನವರೆಗೆ ಹೋದದ್ದು ಹೆಸರು, ವಿಳಾಸ ಬರೆದು ಸಹಿ ಹಾಕಿದ ದೂರುದಾರರಿಂದ. ಅಷ್ಟು ಎದೆಗಾರಿಕೆ ಎಲ್ಲರಿಗೂ ಇರುವುದಿಲ್ಲ, ಇರಬೇಕೆಂದು ಕೇಳುವುದೂ ನ್ಯಾಯವಲ್ಲ. ಅಂಥವರ ರಕ್ಷಣೆಗೆಂದು ಮಾಡಿದ ಕಾಯ್ದೆ 2014ರಲ್ಲೇ ರಾಷ್ಟ್ರಪತಿಗಳ ಅಂಕಿತ ಪಡೆಯಿತು. ಜಾರಿಗೆ ಮಾತ್ರ ಬರಲಿಲ್ಲ. ಆ ಕಾಯ್ದೆಯೂ ದೂರುದಾರ ತನ್ನ ಗುರುತು ಹೇಳಲೇಬೇಕು ಎನ್ನುತ್ತದೆ.

ಹೆಸರು ಮರೆಸುವುದನ್ನು ಅನುಮಾನದಿಂದ ನೋಡುವ ಚಾಳಿ ಕಾನೂನಿಗೆ ವಸಾಹತು ಕಾಲದಿಂದಲೂ ಇದೆ. 1860ರ ದಂಡಸಂಹಿತೆಯ 507ನೆಯ ಕಲಂ ಅನಾಮಧೇಯ ಪತ್ರದ ಮೂಲಕ ಬೆದರಿಸಿದವನಿಗೆ ಬೆದರಿಕೆಯ ಶಿಕ್ಷೆಯ ಮೇಲೆ ಇನ್ನೂ ಎರಡು ವರ್ಷದವರೆಗೆ ಸೆರೆವಾಸ ಸೇರಿಸಿತ್ತು. ಅದೇ ಮಾತು ಈಗ ಭಾರತೀಯ ನ್ಯಾಯ ಸಂಹಿತೆಯ 351ನೆಯ ಕಲಂನಲ್ಲಿದೆ. 1867ರ ಮುದ್ರಣ ಕಾಯ್ದೆ ಪ್ರತಿ ಪತ್ರಿಕೆಯಲ್ಲೂ ಮುದ್ರಕ, ಪ್ರಕಾಶಕರ ಹೆಸರಿನ ಸಾಲನ್ನು ಕಡ್ಡಾಯ ಮಾಡಿತು. ಪತ್ರಿಕೆಗಳ ವಾಚಕರ ವಾಣಿ ಅಂಕಣ ಮಾತ್ರ ಒಂದು ಒಳ್ಳೆಯ ನಡುದಾರಿಯನ್ನು ಉಳಿಸಿಕೊಂಡಿತ್ತು. ಪತ್ರದಲ್ಲಿ ಪೂರ್ಣ ವಿಳಾಸ ಇರಬೇಕು. ಬೇಡವೆಂದರೆ ಹೆಸರು ಅಚ್ಚಾಗುವುದಿಲ್ಲ. ಸಂಪಾದಕರಿಗೆ ಗೊತ್ತು, ಊರಿಗೆ ಗೊತ್ತಿಲ್ಲ. ಅಂತರಜಾಲ ಬಂದಾಗ ಕಳೆದುಹೋದದ್ದು ಈ ಸಂಪಾದಕರ ಮೇಜು.

ನಾಲ್ಕೂವರೆ ಅಡಿಯ ಮರೆ

ಮನೆಗೊಂದು ಕಂಪ್ಯೂಟರ್ ಇಲ್ಲದ ಕಾಲದಲ್ಲಿ ಮೈಸೂರಿನ ವಿದ್ಯಾರ್ಥಿಗಳಿಗೆ ಅಂತರಜಾಲ ಎಂದರೆ ‘ಸೈಬರ್’. ಗಂಟೆಗಿಷ್ಟು ಎಂದು ದುಡ್ಡು ಕೊಟ್ಟು, ಪ್ಲೈವುಡ್ ಮರೆಯ ಹಿಂದೆ ಕೂತರೆ ಯಾರ ಹಂಗೂ ಇಲ್ಲ. ಆ ಮರೆಯ ಮೇಲೆಯೇ ಸರ್ಕಾರದ ಕಣ್ಣು ಬಿತ್ತು. 2011ರ ಏಪ್ರಿಲ್‌ನಲ್ಲಿ ಕೇಂದ್ರ ಹೊರಡಿಸಿದ ಸೈಬರ್ ಕೆಫೆ ನಿಯಮಗಳ ಪ್ರಕಾರ ಗುರುತಿನ ಚೀಟಿ ತೋರಿಸದವರಿಗೆ ಕಂಪ್ಯೂಟರ್ ಕೊಡುವಂತಿಲ್ಲ. ಹೆಸರು, ವಿಳಾಸ, ಬಂದ ಹೊತ್ತು, ಹೋದ ಹೊತ್ತನ್ನು ರಿಜಿಸ್ಟರಿನಲ್ಲಿ ಬರೆಸಿ ಒಂದು ವರ್ಷ ಇಡಬೇಕು, ತಿಂಗಳ ವರದಿ ಕಳಿಸಬೇಕು. ಮರೆಯ ಎತ್ತರ ನಾಲ್ಕೂವರೆ ಅಡಿ ಮೀರಬಾರದು. ಅಡಿಯ ಲೆಕ್ಕ ಹಾಕಿ ಖಾಸಗಿತನವನ್ನು ಅಳೆದ ನಿಯಮ ನಮ್ಮಲ್ಲಿ ಇನ್ನೊಂದಿರಲಾರದು.

ಮೊಬೈಲ್ ಬಂದು ಕೆಫೆಗಳು ಮುಚ್ಚಿದವು, ಕೆಲವು ಕಸುಬು ಬದಲಿಸಿಕೊಂಡವು. ಇಂದು ‘ಸೈಬರ್ ಸೆಂಟರ್’ ಎಂದು ಬೋರ್ಡು ಹಾಕಿದ ಅಂಗಡಿಗೆ ಜನ ಹೋಗುವುದು ಆಧಾರ್‌ಗೆ ಮೊಬೈಲ್ ನಂಬರ್ ಜೋಡಣೆಯಾಗಿದೆಯೇ ನೋಡಿಸುವುದಕ್ಕೆ, ಅರ್ಜಿ ತುಂಬಿಸಿ ಪ್ರಿಂಟ್ ತೆಗೆಸುವುದಕ್ಕೆ. ಗುರುತು ಹೇಳದೆ ಕೂರಬಹುದಾಗಿದ್ದ ಜಾಗ ಗುರುತು ಸರಿಪಡಿಸಿಕೊಳ್ಳುವ ಜಾಗವಾಯಿತು.

ಕೆಫೆಯ ರಿಜಿಸ್ಟರಿನ ನಂತರ ತನಿಖೆಗೆ ಆಸರೆಯಾದದ್ದು ಐಪಿ ವಿಳಾಸ. ಅದನ್ನು ಹೆಸರಿನಷ್ಟೇ ಖಚಿತವೆಂದು ನಂಬಿದರೆ ಏನಾಗುತ್ತದೆ ಎಂಬುದಕ್ಕೆ ಬೆಂಗಳೂರಿನ ಒಬ್ಬ ಸಾಫ್ಟ್‌ವೇರ್ ಎಂಜಿನಿಯರ್ ಸಾಕ್ಷಿ. ಆರ್ಕುಟ್‌ನಲ್ಲಿ ಶಿವಾಜಿಯನ್ನು ಅವಮಾನಿಸುವ ಚಿತ್ರ ಹಾಕಿದವರು ಯಾರೆಂದು ಪುಣೆ ಪೊಲೀಸರು ಕೇಳಿದಾಗ ಇಂಟರ್‌ನೆಟ್ ಕಂಪನಿ ತಪ್ಪು ವಿವರ ಕೊಟ್ಟಿತು. 2007ರ ಆಗಸ್ಟ್ ಕೊನೆಯಲ್ಲಿ ಆತನನ್ನು ಮನೆಯಿಂದ ಕರೆದೊಯ್ದರು. ಆ ಚಿತ್ರಕ್ಕೂ ಆತನಿಗೂ ಸಂಬಂಧವೇ ಇಲ್ಲವೆಂದು ತಿಳಿಯುವಷ್ಟರಲ್ಲಿ ಆತ ಯೆರವಡಾ ಜೈಲಿನಲ್ಲಿ 50 ದಿನ ಕಳೆದಾಗಿತ್ತು.

ಬೆರಳಿನ ಗುರುತು

ದೇಶದ ಮೊದಲ ಆಧಾರ್ ಸಂಖ್ಯೆ ಮಹಾರಾಷ್ಟ್ರದ ತೆಂಭ್ಲಿಯಲ್ಲಿ 2010ರ ಸೆಪ್ಟೆಂಬರ್ 29ರಂದು ಹಂಚಿಕೆಯಾಯಿತು. ಕರ್ನಾಟಕದಲ್ಲಿ ಪ್ರಯೋಗಕ್ಕೆ ಆರಿಸಿದ್ದು ಮೈಸೂರು ಮತ್ತು ತುಮಕೂರು ಜಿಲ್ಲೆಗಳನ್ನು. ಮೈಸೂರು ಇನ್ನೂ ಒಂದು ಪ್ರಯೋಗಕ್ಕೆ ನೆಲವಾಯಿತು. ಸಬ್ಸಿಡಿ ಸಿಲಿಂಡರ್ ಹೋಟೆಲು, ಗೂಡಂಗಡಿಗಳ ಪಾಲಾಗುವುದನ್ನು ತಪ್ಪಿಸಲು ತೈಲ ಕಂಪನಿಗಳು 2011–12ರಲ್ಲಿ ಇಲ್ಲಿ ಬೆರಳಚ್ಚಿನ ಗ್ಯಾಸ್ ವಿತರಣೆ ನಡೆಸಿದವು. ಸಿಲಿಂಡರ್ ಹೊತ್ತು ತಂದವನ ಕೈಯಲ್ಲೊಂದು ಪುಟ್ಟ ಯಂತ್ರ. ಬಾಗಿಲಿಗೆ ಬಂದವರು ಸೆರಗಿಗೆ ಕೈ ಒರೆಸಿಕೊಂಡು ಅದರ ಮೇಲೆ ಬೆರಳು ಒತ್ತಬೇಕು. ಯಂತ್ರ ಒಪ್ಪಿದರೆ ಗ್ಯಾಸು. ಪಾತ್ರೆ ತಿಕ್ಕಿ ಸವೆದ ಬೆರಳನ್ನು ಇಂಥ ಯಂತ್ರಗಳು ಒಂದೇ ಸಲಕ್ಕೆ ಓದುವುದಿಲ್ಲ ಎಂಬುದು ನ್ಯಾಯಬೆಲೆ ಅಂಗಡಿಯ ಸಾಲಿನಲ್ಲಿ ನಿಂತವರಿಗೆಲ್ಲ ಗೊತ್ತು. ಮುಂದೆ 2013ರಲ್ಲಿ ಸಬ್ಸಿಡಿಯನ್ನು ನೇರ ಬ್ಯಾಂಕ್ ಖಾತೆಗೆ ಹಾಕುವ ಯೋಜನೆಯ ಮೊದಲ ಪಟ್ಟಿಯಲ್ಲೂ ಮೈಸೂರು ಇತ್ತು. ಆಧಾರ್ ಇಲ್ಲವೆಂದು ಯಾರಿಗೂ ತೊಂದರೆಯಾಗಬಾರದು ಎಂದು ಸುಪ್ರೀಂ ಕೋರ್ಟ್ ಆ ವರ್ಷದ ಸೆಪ್ಟೆಂಬರ್ 23ರಂದು ಮಧ್ಯಂತರ ಆದೇಶ ಕೊಟ್ಟಿತು.

ಆ ಆದೇಶ ಬಂದದ್ದು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ 2012ರಲ್ಲಿ, ತಮ್ಮ 86ನೆಯ ವಯಸ್ಸಿನಲ್ಲಿ ಹಾಕಿದ ಅರ್ಜಿಯ ಮೇಲೆ. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಒಮ್ಮತದಿಂದ ಖಾಸಗಿತನ ಮೂಲಭೂತ ಹಕ್ಕು ಎಂದಿತು. ಆ ತೀರ್ಪಿನಲ್ಲಿ ನ್ಯಾಯಮೂರ್ತಿ ಡಿ.ವೈ. ಚಂದ್ರಚೂಡ್ ಮಾಡಿದ ಒಂದು ವಿಂಗಡಣೆ ನಮ್ಮ ವಿಷಯದ ಕೀಲಿಕೈ: ಖಾಸಗಿತನದಲ್ಲಿ ಬಚ್ಚಿಡುವುದು ಮಾಹಿತಿಯನ್ನು, ಅನಾಮಧೇಯತೆಯಲ್ಲಿ ಬಚ್ಚಿಡುವುದು ಆ ಮಾಹಿತಿ ಯಾರದು ಎಂಬುದನ್ನು. ರೋಗಿಯ ಕಾಯಿಲೆ ಗುಟ್ಟಾಗಿರುವುದು ಮೊದಲನೆಯದು. ಕಾಯಿಲೆಯ ಲೆಕ್ಕ ಬಹಿರಂಗವಾಗಿದ್ದು ರೋಗಿ ಯಾರೆಂದು ತಿಳಿಯದಿರುವುದು ಎರಡನೆಯದು. 2018ರ ಸೆಪ್ಟೆಂಬರ್ 26ರಂದು ಐವರ ಪೀಠ ಸರ್ಕಾರಿ ಸವಲತ್ತಿಗೆ ಆಧಾರ್ ಕೇಳುವುದನ್ನು ಬಹುಮತದಿಂದ ಎತ್ತಿಹಿಡಿದು, ಸಿಮ್ ಕಾರ್ಡಿಗೂ ಬ್ಯಾಂಕ್ ಖಾತೆಗೂ ಅದನ್ನು ಕಡ್ಡಾಯ ಮಾಡಿದ್ದನ್ನು ರದ್ದುಪಡಿಸಿತು. ಪುಟ್ಟಸ್ವಾಮಿಯವರು 2024ರ ಅಕ್ಟೋಬರ್ 28ರಂದು ತೀರಿಕೊಂಡರು. ಅದಕ್ಕೆ ಹದಿನಾಲ್ಕು ತಿಂಗಳ ಹಿಂದೆ, 2023ರ ಆಗಸ್ಟ್ 30ರಂದು, ಅವರು ಓದಿದ ಮಹಾರಾಜ ಕಾಲೇಜಿನ ಮೈದಾನದಲ್ಲೇ ರಾಜ್ಯ ಸರ್ಕಾರದ ‘ಗೃಹಲಕ್ಷ್ಮಿ’ ಯೋಜನೆಗೆ ಚಾಲನೆ ಸಿಕ್ಕಿತು. ತಿಂಗಳಿಗೆ 2,000 ರೂಪಾಯಿ, ಆಧಾರ್ ಜೋಡಿಸಿದ ಖಾತೆಗೆ. ಎರಡೂ ಒಂದೇ ಆವರಣದ ಕಥೆಗಳು. ಯಾವುದೂ ಇನ್ನೊಂದನ್ನು ಸುಳ್ಳು ಮಾಡುವುದಿಲ್ಲ.

ಬೆರಳನ್ನು ನಂಬಿದ ವ್ಯವಸ್ಥೆಗೆ ಪೆಟ್ಟು ಬಿದ್ದದ್ದೂ ಕರ್ನಾಟಕದಲ್ಲೇ. 2023ರಲ್ಲಿ ನೋಂದಣಿ ಇಲಾಖೆಯ ‘ಕಾವೇರಿ’ ಜಾಲತಾಣದಿಂದ ಇಳಿಸಿಕೊಂಡ ಕ್ರಯಪತ್ರಗಳಲ್ಲಿನ ಹೆಬ್ಬೆಟ್ಟಿನ ಗುರುತುಗಳನ್ನು ನಕಲು ತೆಗೆದು, ಆಧಾರ್ ಆಧಾರಿತ ಪಾವತಿಯ ಮೂಲಕ ಜನರ ಖಾತೆಯಿಂದ ಹಣ ಎಳೆದ ಜಾಲ ಬಯಲಾಯಿತು. ಸೈಟು ಕೊಂಡವರು ಒಟಿಪಿ ಹೇಳಿರಲಿಲ್ಲ, ಲಿಂಕ್ ಒತ್ತಿರಲಿಲ್ಲ. ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ಹೆಬ್ಬೆಟ್ಟು ಒತ್ತಿದ್ದರು, ಅಷ್ಟೇ. ಪಾಸ್‌ವರ್ಡ್ ಕದ್ದರೆ ಬದಲಿಸಬಹುದು, ಬೆರಳನ್ನು ಬದಲಿಸಲಾಗದು.

ಈಗ ಗುರುತಿನ ಗೇಟು ಸಿಮ್ ಕಾರ್ಡಿನ ಮುಂದೆ ನಿಂತಿದೆ. ಕರ್ನಾಟಕದಲ್ಲಿ ಒಬ್ಬರ ಹೆಸರಿನಲ್ಲಿ ಒಂಬತ್ತು ಸಿಮ್ ಮೀರುವಂತಿಲ್ಲ. 2023ರ ದೂರಸಂಪರ್ಕ ಕಾಯ್ದೆ ಬೆರಳು, ಮುಖದಂಥ ದೈಹಿಕ ಗುರುತಿನಿಂದಲೇ ಸಿಮ್ ಕೊಡಬೇಕೆನ್ನುತ್ತದೆ. ಸುಳ್ಳು ಗುರುತಿನಲ್ಲಿ ಪಡೆದವರಿಗೆ ಮೂರು ವರ್ಷದವರೆಗೆ ಸೆರೆ, 50 ಲಕ್ಷ ರೂಪಾಯಿವರೆಗೆ ದಂಡ. ಸಂದೇಶದ ಆಪ್‌ಗಳು ಸಿಮ್ ಇರುವ ಫೋನಿನಲ್ಲಷ್ಟೇ ನಡೆಯಬೇಕೆಂದು 2025ರ ನವೆಂಬರ್‌ನಲ್ಲಿ ಕೇಂದ್ರ ಸೂಚಿಸಿತು. ವಿಪಿಎನ್ ಕಂಪನಿಗಳು ಗ್ರಾಹಕರ ವಿವರ ಐದು ವರ್ಷ ಇಟ್ಟಿರಬೇಕೆಂದು 2022ರಲ್ಲಿ ಆದೇಶವಾದಾಗ ಹಲವು ಕಂಪನಿಗಳು ಭಾರತದಿಂದ ತಮ್ಮ ಸರ್ವರ್ ಎತ್ತಿಕೊಂಡು ಹೋದವು. ಇಷ್ಟಾದರೂ ‘ಡಿಜಿಟಲ್ ಅರೆಸ್ಟ್’ ಎಂದು ಹೆದರಿಸಿ ನಿವೃತ್ತರ ಪಿಂಚಣಿ ಹಣ ದೋಚುವವರು ನಿಂತಿಲ್ಲ. ಅವರ ಕೈಯಲ್ಲಿರುವ ಸಿಮ್ಮಿಗೂ ಬ್ಯಾಂಕ್ ಖಾತೆಗೂ ಗುರುತು ಇದೆ. ಅದು ಕಮಿಷನ್ ಆಸೆಗೆ ಖಾತೆ ಬಾಡಿಗೆ ಕೊಟ್ಟ ಇನ್ನೊಬ್ಬರದು. ಗುರುತಿನ ನಿಯಮ ಬಿಗಿಯಾದಷ್ಟೂ ಬಾಡಿಗೆಗೆ ಸಿಗುವ ಗುರುತಿನ ಬೆಲೆ ಏರುತ್ತದೆ. ಸಾಮಾನ್ಯನಿಗೆ ಉಳಿಯುವುದು ಸಾಲು.

ಮುಖವಾಡದ ಹಾನಿ

ಹೀಗೆಂದು ಮುಖವಾಡದ ಹಿಂದಿನಿಂದ ಬರುವ ಕಲ್ಲನ್ನು ಹಗುರವಾಗಿ ತೂಗಬಾರದು. 2025ರ ಜುಲೈನಲ್ಲಿ ನಟಿ ರಮ್ಯಾ ಅಶ್ಲೀಲ ಸಂದೇಶಗಳ ವಿರುದ್ಧ 43 ಖಾತೆಗಳ ಪಟ್ಟಿಯೊಂದಿಗೆ ಬೆಂಗಳೂರು ಪೊಲೀಸರಿಗೆ ದೂರು ಕೊಟ್ಟರು, ಬಂಧನಗಳೂ ಆದವು. ಹೆಸರಾಂತ ನಟಿಗೆ ಅಷ್ಟು ಬೇಗ ಸಿಕ್ಕ ಗಮನ ಪಿಜಿಯಲ್ಲಿರುವ ವಿದ್ಯಾರ್ಥಿನಿಗೂ ಸಿಗುತ್ತದೆಯೇ ಎಂದು ಕೇಳಬೇಕಾಗುತ್ತದೆ. ಕನ್ನಡನಾಡು ಮರೆಯಲಾಗದ ಇನ್ನೊಂದು ಪ್ರಕರಣ ರೇಣುಕಾಸ್ವಾಮಿ ಕೊಲೆ. ಬೇರೆ ಹೆಸರಿನ ಇನ್‌ಸ್ಟಾಗ್ರಾಂ ಖಾತೆಯಿಂದ ರೇಣುಕಾಸ್ವಾಮಿ ಕಳಿಸಿದ ಅಶ್ಲೀಲ ಸಂದೇಶಗಳು ಅದರ ಮೂಲ ಎನ್ನುತ್ತದೆ ಪೊಲೀಸರ ಆರೋಪ. ಅದರಲ್ಲಿ ನಟ ದರ್ಶನ್ ಅವರನ್ನು ವಶಕ್ಕೆ ಪಡೆದದ್ದು ಮೈಸೂರಿನಲ್ಲಿ, 2024ರ ಜೂನ್ 11ರಂದು. ಪ್ರಕರಣ ನ್ಯಾಯಾಲಯದಲ್ಲಿದೆ, ಆರೋಪ ಸಾಬೀತಾಗುವುದು ಬಿಡುವುದು ಅಲ್ಲಿನ ಮಾತು. ಗುಪ್ತ ಖಾತೆಯ ಹಿಂದಿನ ಮನುಷ್ಯನನ್ನು ಪೊಲೀಸರಿಗಿಂತ ಮೊದಲು ಬೇರೆಯವರು ಹುಡುಕಿ ತೆಗೆಯಬಲ್ಲರೆಂಬ ಭಯವಂತೂ ಅಂದಿನಿಂದ ಕಾಲ್ಪನಿಕವಲ್ಲ.

ಕರ್ನಾಟಕ ಹೈಕೋರ್ಟಿನಲ್ಲಿ ಈ ಚರ್ಚೆ ಒಮ್ಮೆ ನಗೆಗೂ ಎಡೆಯಾಯಿತು. ಆಕ್ಷೇಪಾರ್ಹ ಬರಹ ತೆಗೆಸುವ ‘ಸಹಯೋಗ್’ ಪೋರ್ಟಲ್ ವಿರುದ್ಧ ಎಕ್ಸ್ ಕಂಪನಿ ಹೂಡಿದ ದಾವೆಯ ವಿಚಾರಣೆಯಲ್ಲಿ, 2025ರ ಜುಲೈನಲ್ಲಿ, ಸಾಲಿಸಿಟರ್ ಜನರಲ್ ತುಷಾರ್ ಮೆಹ್ತಾ ‘ಸುಪ್ರೀಂ ಕೋರ್ಟ್ ಆಫ್ ಕರ್ನಾಟಕ’ ಎಂಬ ಎಕ್ಸ್ ಖಾತೆಯನ್ನು ತೋರಿಸಿದರು. ಹಾಗೊಂದು ನ್ಯಾಯಾಲಯವೇ ಇಲ್ಲ. ನಕಲಿ ಖಾತೆ ಎಷ್ಟು ಸುಲಭವೆಂದು ತೋರಿಸಲು ಸರ್ಕಾರದ ಕಡೆಯವರೇ ತೆರೆದಿದ್ದರು. ಅದಕ್ಕೆ ದೃಢೀಕರಣದ ಗುರುತೂ ಸಿಕ್ಕಿತ್ತು. ಸೆಪ್ಟೆಂಬರ್ 24ರಂದು ನ್ಯಾಯಮೂರ್ತಿ ಎಂ. ನಾಗಪ್ರಸನ್ನ ಅರ್ಜಿಯನ್ನು ವಜಾ ಮಾಡಿದರು. ಮಹಿಳಾ ಉದ್ಯೋಗಿಗಳ ಬಗ್ಗೆ ಅಸಹ್ಯದ ಇಮೇಲ್‌ಗಳು ಬಂದವೆಂಬ ದೂರಿನ ಮೇಲೆ ‘ಪ್ರೋಟಾನ್ ಮೇಲ್’ ನಿರ್ಬಂಧಿಸಲು ಕ್ರಮ ಕೈಗೊಳ್ಳಿ ಎಂದು ಅದೇ ವರ್ಷದ ಏಪ್ರಿಲ್‌ನಲ್ಲಿ ಆದೇಶಿಸಿದ್ದೂ ಅವರದೇ ಪೀಠ. ಒಬ್ಬ ದುರುಳ ಬಳಸಿದ ಅಂಚೆಪೆಟ್ಟಿಗೆಯನ್ನು ಊರಿಗೂರೇ ಬಳಸದಂತೆ ಕಿತ್ತುಹಾಕುವುದು ಸರಿಯೇ ಎಂಬ ಪ್ರಶ್ನೆ ಅಲ್ಲಿ ಹಾಗೇ ಉಳಿಯುತ್ತದೆ.

ನಿಜನಾಮದ ಹಾನಿ

‘ತಪ್ಪು ಮಾಡದವನಿಗೆ ಹೆಸರು ಹೇಳಲು ಭಯವೇಕೆ’ ಎನ್ನುವವರು ತಮ್ಮ ಹೆಸರನ್ನೊಮ್ಮೆ ಕನ್ನಡದ ಕಿವಿಯಿಂದ ಕೇಳಿಸಿಕೊಳ್ಳಬೇಕು. ನಮ್ಮಲ್ಲಿ ಹೆಸರು ಬರಿ ಹೆಸರಲ್ಲ; ಅದರಲ್ಲಿ ಊರಿದೆ, ಅಪ್ಪನಿದ್ದಾನೆ, ಬಹುಪಾಲು ಜಾತಿಯೂ ಧರ್ಮವೂ ಇವೆ. ಬಾಡಿಗೆ ಮನೆ ಹುಡುಕುವಾಗ ಅಗ್ರಹಾರದಿಂದ ಕುವೆಂಪುನಗರದವರೆಗೆ ಹೆಸರು ಕೇಳಿದ ಮೇಲೆ ‘ಮನೆ ಆಗಲೇ ಹೋಯ್ತು’ ಎಂಬ ಉತ್ತರ ಕೇಳಿದವರಿಗೆ ನಿಜನಾಮ ಕಡ್ಡಾಯ ಎಂದರೆ ಜಾತಿ ಕಡ್ಡಾಯ ಎಂದೇ ಅರ್ಥ. ‘ಎಸ್.’ ಎಂಬ ಇನಿಷಿಯಲ್ ಅನ್ನು ಬಿಡಿಸಿ ಬರೆಯದೆ ಮುಂದಕ್ಕೆ ಹೋಗಲು ಬಿಡದ ಅರ್ಜಿ ನಮೂನೆಗಳನ್ನು ತುಂಬಿದವರಿಗೂ ಇದು ಅರ್ಥವಾಗುತ್ತದೆ.

ಹೆಸರು ಮರೆಸುವುದನ್ನು ಕಾನೂನೇ ಕಡ್ಡಾಯ ಮಾಡಿದ ಜಾಗಗಳೂ ಇವೆ. ಅತ್ಯಾಚಾರದ ಸಂತ್ರಸ್ತೆಯ ಗುರುತು ಬಯಲು ಮಾಡಿದವರಿಗೆ ನ್ಯಾಯ ಸಂಹಿತೆಯ 72ನೆಯ ಕಲಂ ಪ್ರಕಾರ ಎರಡು ವರ್ಷದವರೆಗೆ ಶಿಕ್ಷೆಯಿದೆ. ಮಕ್ಕಳ ವಿಷಯದಲ್ಲಿ ಪೋಕ್ಸೊ ಕಾಯ್ದೆಯ 23ನೆಯ ಕಲಂ ಇದೆ. ವಾಟ್ಸ್ಯಾಪ್ ಗುಂಪಿನಲ್ಲಿ ಫೋಟೊ ಮುಂದಕ್ಕೆ ಕಳಿಸುವವರಿಗೆ ಇದು ನೆನಪಿರುವುದಿಲ್ಲ.

ಇನ್ನೊಂದು ಮಾತು. ಹೆಸರು ಗೊತ್ತಿದ್ದರೆ ಅನಾಹುತ ತಪ್ಪುತ್ತದೆ ಎಂಬುದೂ ಅರ್ಧ ಸತ್ಯ. 2025ರ ಫೆಬ್ರವರಿ 10ರ ರಾತ್ರಿ ಒಂದು ಪೋಸ್ಟ್ ಕಾರಣಕ್ಕೆ ಮೈಸೂರಿನ ಉದಯಗಿರಿ ಪೊಲೀಸ್ ಠಾಣೆಯ ಮೇಲೆ ಕಲ್ಲು ತೂರಾಟ ನಡೆದಾಗ, ಅದನ್ನು ಹಾಕಿದವನು ಯಾರೆಂಬುದು ಪೊಲೀಸರಿಗೆ ಆಗಲೇ ತಿಳಿದಿತ್ತು.

ಹೊರದೇಶಗಳಲ್ಲಿ

ನಿಜನಾಮದ ಪ್ರಯೋಗವನ್ನು ಪೂರ್ತಿ ಮಾಡಿ ಕೈಬಿಟ್ಟ ದೇಶ ದಕ್ಷಿಣ ಕೊರಿಯಾ. 2007ರಲ್ಲಿ ದೊಡ್ಡ ಜಾಲತಾಣಗಳಲ್ಲಿ ಅಭಿಪ್ರಾಯ ಬರೆಯುವವರೆಲ್ಲ ನಾಗರಿಕ ಸಂಖ್ಯೆ ಕೊಟ್ಟು ದೃಢಪಡಿಸಿಕೊಳ್ಳಬೇಕೆಂದು ಅದು ವಿಧಿಸಿತು. 2011ರಲ್ಲಿ ಕನ್ನಗಾರರು ಒಂದೇ ಕಂಪನಿಯ ಎರಡು ತಾಣಗಳಿಂದ ಸುಮಾರು 3.5 ಕೋಟಿ ಜನರ ವಿವರ ಹೊತ್ತೊಯ್ದರು. 2012ರ ಆಗಸ್ಟ್ 23ರಂದು ಅಲ್ಲಿನ ಸಂವಿಧಾನ ನ್ಯಾಯಾಲಯ ನಿಯಮವನ್ನು ಒಮ್ಮತದಿಂದ ರದ್ದುಮಾಡಿತು. ಕೆಟ್ಟ ಬರಹ ಗಮನಾರ್ಹವಾಗಿ ಕಡಿಮೆಯಾದದ್ದೂ ಅದಕ್ಕೆ ಕಾಣಲಿಲ್ಲ. ಗೂಗಲ್ ತನ್ನ ‘ಪ್ಲಸ್’ ತಾಣದಲ್ಲಿ 2011ರಲ್ಲಿ ತಂದ ನಿಜನಾಮದ ಪಟ್ಟನ್ನು 2014ರಲ್ಲಿ ಬಿಟ್ಟಿತು. ಚೀನಾ ಮಾತ್ರ ಅದೇ ದಾರಿಯಲ್ಲಿದೆ.

ಹೊಸ ಅಲೆ ವಯಸ್ಸಿನದು. ಆಸ್ಟ್ರೇಲಿಯಾ 2025ರ ಡಿಸೆಂಬರ್ 10ರಿಂದ 16 ವರ್ಷದೊಳಗಿನವರಿಗೆ ಸಾಮಾಜಿಕ ಜಾಲತಾಣ ಮುಚ್ಚಿತು. ಭಾರತದ 2023ರ ದತ್ತಾಂಶ ರಕ್ಷಣಾ ಕಾಯ್ದೆ 18 ತುಂಬದವರಿಗೆ ಪೋಷಕರ ಒಪ್ಪಿಗೆ ಬೇಕೆನ್ನುತ್ತದೆ. ಮಕ್ಕಳು ಯಾರೆಂದು ತಿಳಿಯಬೇಕಾದರೆ ದೊಡ್ಡವರೂ ತಾವು ದೊಡ್ಡವರೆಂದು ತೋರಿಸಬೇಕು.

ಎರಡು ವಿಶ್ವಕೋಶಗಳು

ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ವಿಶ್ವಕೋಶದ ಮೊದಲ ಸಂಪುಟ ಬಂದದ್ದು 1969ರಲ್ಲಿ. ಒಟ್ಟು 14 ಸಂಪುಟಗಳಾದವು. ಅದರ ಲೇಖನಗಳ ಕೆಳಗೆ ಆವರಣದಲ್ಲಿ ಎರಡು ಮೂರು ಅಕ್ಷರಗಳಷ್ಟೇ ಇರುತ್ತವೆ. ಅವಸರದ ಓದುಗನಿಗೆ ಅದು ಅನಾಮಿಕ ಬರಹ, ಸಂಪುಟದ ಲೇಖಕರ ಪಟ್ಟಿ ತಿರುವಿ ನೋಡಿದವನಿಗೆ ಪೂರ್ಣ ಹೆಸರು. 2003ರಲ್ಲಿ ಶುರುವಾದ ಕನ್ನಡ ವಿಕಿಪೀಡಿಯದಲ್ಲಿ ಬರೆಯಲು ಗುರುತಿನ ಚೀಟಿ ಬೇಡ. ಯಾವುದೋ ಒಂದು ಅಂಕಿತ ಸಾಕು. ಲಾಗಿನ್ ಆಗದೆ ತಿದ್ದಿದವರ ಐಪಿ ವಿಳಾಸ ಬಹುಕಾಲ ಎಲ್ಲರ ಕಣ್ಣಿಗೂ ಬೀಳುತ್ತಿತ್ತು. ಅಂದರೆ ಹೆಸರೇ ಹೇಳದವನು ಸುಳ್ಳು ಹೆಸರು ಇಟ್ಟುಕೊಂಡವನಿಗಿಂತ ಹೆಚ್ಚು ಬಯಲಾಗಿದ್ದ. ಅಂಕಿತದ ಹಿಂದಿನ ಬರಹಗಾರರೂ ಈಗ ನಿಶ್ಚಿಂತರಲ್ಲ. ಎಎನ್‌ಐ ಸುದ್ದಿಸಂಸ್ಥೆ ಹೂಡಿದ ಮಾನನಷ್ಟ ಮೊಕದ್ದಮೆಯಲ್ಲಿ ದೆಹಲಿ ಹೈಕೋರ್ಟ್ 2024ರಲ್ಲಿ ಇಂಗ್ಲಿಷ್ ವಿಕಿಪೀಡಿಯದ ಸಂಪಾದಕರ ವಿವರ ಕೇಳಿತು.

2014ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ತನ್ನ ವಿಶ್ವಕೋಶದ ಬರಹವನ್ನು ಮುಕ್ತ ಪರವಾನಗಿಯಡಿ ಬಿಟ್ಟುಕೊಟ್ಟಿತು. ಕನ್ನಡ ವಿಕಿಸೋರ್ಸ್‌ನಲ್ಲಿ ಅದರ ಪುಟ ತೆರೆದವರಿಗೆ ಲೇಖನದ ಕೊನೆಯಲ್ಲಿ ಬರೆದ ವಿದ್ವಾಂಸರ ಮೊದಲಕ್ಷರಗಳೂ, ಮೇಲಿನ ‘ಇತಿಹಾಸ’ ಒತ್ತಿದರೆ ಅದನ್ನು ಅಲ್ಲಿಗೆ ಏರಿಸಿ ತಿದ್ದಿದ ಸ್ವಯಂಸೇವಕರ ಬಳಕೆದಾರ ಹೆಸರೂ ಸಿಗುತ್ತವೆ.